ಕನ್ನಡಿಯ ಹಿಂದಿನ ಮೇಷ್ಟ್ರು: ಕ್ರಿಸ್ಟೀನ್ ದಾಯೆ ಪ್ರಕರಣ

ಕ್ರಿಸ್ಟೀನ್ ದಾಯೆ ಮೂರು ತಿಂಗಳು ಬೇಕಂತಲೇ ಸಾಧಾರಣವಾಗಿ ಹಾಡಿದಳು.

ಬೆಳಿಗ್ಗೆ 8 ಗಂಟೆಗೆ, ಒಪೆರಾ ಮನೆಯಲ್ಲಿ (ಹಾಡಿನಲ್ಲೇ ನಡೆಯುವ ನಾಟಕಗಳ ರಂಗಮಂದಿರ) ಇನ್ನೂ ಯಾರೂ ಇಲ್ಲದ ಹೊತ್ತಿನಲ್ಲಿ, ತನ್ನ ಮೇಕಪ್ ಕೋಣೆಯ ಬಾಗಿಲು ಹಾಕಿಕೊಂಡು ಅವಳು ಹಾಡುತ್ತಿದ್ದ ದನಿಯೇ ಬೇರೆ. ಪ್ರದರ್ಶನದಲ್ಲಿ ಜನರ ಮುಂದೆ ಹಾಡುತ್ತಿದ್ದ ದನಿಯೇ ಬೇರೆ. ಬೆಳಗಿನ ದನಿ ಹೊರಗೆ ಯಾರಿಗೂ ಕೇಳಿಸಬಾರದು ಅಂತ ಮೇಷ್ಟ್ರ ಅಪ್ಪಣೆಯಾಗಿತ್ತು. ಆ ಮೇಷ್ಟ್ರನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಗೋಡೆಯಾಚೆಯಿಂದ ಬರುವ ಒಂದು ದನಿ, ಅಷ್ಟೇ.

ಇದು ಗ್ಯಾಸ್ತೋನ್ ಲೆರೂ ಅವರ ಕಾದಂಬರಿಯ ಪ್ರಕರಣ. 1909ರ ಸೆಪ್ಟೆಂಬರ್‌ನಿಂದ 1910ರ ಜನವರಿವರೆಗೆ ಪ್ಯಾರಿಸ್ಸಿನ ಒಂದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1910ರಲ್ಲಿ ಪುಸ್ತಕವಾಯಿತು. ಇಂಗ್ಲಿಷಿನ ಮೂಲಕ ಜಗತ್ತಿಗೆಲ್ಲ ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’, ಅಂದರೆ ಒಪೆರಾದ ಭೂತ, ಅಂತ ಗೊತ್ತು. 1925ರ ಮೂಕಿ ಸಿನಿಮಾ ನೋಡಿದವರಿದ್ದಾರೆ, 1986ರಲ್ಲಿ ಲಂಡನ್ನಿನಲ್ಲಿ ಶುರುವಾದ ಸಂಗೀತ ನಾಟಕದ ಹಾಡು ಗುನುಗುವವರು ಇನ್ನೂ ಜಾಸ್ತಿ. ಆ ನಾಟಕ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 1988ರಿಂದ 2023ರವರೆಗೆ 13,981 ಸಲ ನಡೆಯಿತು. ಇಷ್ಟು ಸಲ ಹೇಳಿಸಿಕೊಂಡ ಕತೆ ನಮ್ಮ ನೆನಪಿನಲ್ಲಿ ಸವೆದು ಸವೆದು ಕೊನೆಗೆ ಒಂದು ಬಿಳಿ ಮುಖವಾಡ, ಒಂದು ತೂಗುದೀಪ, ಒಂದು ದೋಣಿ ಮಾತ್ರ ಉಳಿದಿದೆ. ಪಾಠದ ವಿಚಾರ ಯಾರೂ ಮಾತಾಡುವುದಿಲ್ಲ. ನನಗೆ ಇಡೀ ಪುಸ್ತಕದಲ್ಲಿ ಮೈ ಜುಮ್ಮೆನ್ನಿಸಿದ್ದು ಆ ಪಾಠವೇ.

ಲೆರೂ ಮೂಲತಃ ಪತ್ರಕರ್ತ, ಕೋರ್ಟು ಕಟಕಟೆಗಳ ವರದಿ ಮಾಡಿ ಪಳಗಿದವರು. ಹಾಗಾಗಿ ಕಾದಂಬರಿಯನ್ನೂ ತನಿಖೆಯ ಕಡತದ ಥರವೇ ಕಟ್ಟಿದ್ದಾರೆ. ಯಾರು ಏನು ನೋಡಿದರು, ಯಾವ ಬಾಗಿಲು ಹಾಕಿತ್ತು, ಯಾರ ಹೇಳಿಕೆ ಯಾರ ಹೇಳಿಕೆಗೆ ತಾಳೆಯಾಗುತ್ತದೆ, ಎಲ್ಲ ಇದೆ. ಭೂತ ನಿಜವಾಗಿಯೂ ಇತ್ತು ಅಂತ ಮೊದಲ ಸಾಲಿನಲ್ಲೇ ಹೇಳಿ ಶುರು ಮಾಡುತ್ತಾರೆ. ಆದ್ದರಿಂದ ಇದನ್ನು ಒಂದು ಪ್ರಕರಣದ ಹಾಗೆ ಬಿಚ್ಚಿ ನೋಡಿದರೆ ಪುಸ್ತಕಕ್ಕೇನೂ ಮೋಸವಾಗುವುದಿಲ್ಲ.

ಮನೆ ಹೇಗಿತ್ತು

ಗಾಥಿಕ್ ಕತೆಗೆ, ಅಂದರೆ ಕತ್ತಲೆ, ಗುಟ್ಟು, ಭೂತಗಳ ಹೆದರಿಕೆಯ ಕತೆಗೆ, ಮೊದಲು ಒಂದು ಮನೆ ಬೇಕು. ಸಾಮಾನ್ಯವಾಗಿ ಪಾಳುಬಿದ್ದ ಕೋಟೆಯೋ ಹಳೇ ಮಠವೋ ಇರುತ್ತದೆ. ಇಲ್ಲಿ ಹಾಗಲ್ಲ, ಮನೆ ಹೊಚ್ಚ ಹೊಸದು. ಪ್ಯಾರಿಸ್ಸಿನ ಹೊಸ ಒಪೆರಾ, ಈಗ ಪಾಲೆ ಗಾರ್ನಿಯೆ ಅಂತ ಕರೆಯುವುದು, ಬಾಗಿಲು ತೆರೆದದ್ದು 1875ರ ಜನವರಿ 5ಕ್ಕೆ. ಕತೆ ನಡೆಯುವುದು ಅದಾಗಿ ಕೆಲವೇ ವರ್ಷಕ್ಕೆ, 1880ರ ಆಸುಪಾಸಿನಲ್ಲಿ.

ಆದರೆ ಈ ಹೊಸ ಮನೆಯ ಹುಟ್ಟೇ ಹೆದರಿಕೆಯಿಂದ ಆದದ್ದು. 1858ರ ಜನವರಿಯಲ್ಲಿ ಹಳೇ ಒಪೆರಾಕ್ಕೆ ಹೋಗುತ್ತಿದ್ದ ಮೂರನೇ ನೆಪೋಲಿಯನ್ ಮೇಲೆ ಬಾಂಬು ಎಸೆದರು. ಚಕ್ರವರ್ತಿ ಬದುಕಿದ, ಸುತ್ತ ನಿಂತಿದ್ದವರು ಸತ್ತರು. ಹೊಸದೊಂದು ಕಟ್ಟಬೇಕೆಂದು ನಿರ್ಧಾರವಾಯಿತು. ಸ್ಪರ್ಧೆಗೆ 171 ನಕ್ಷೆ ಬಂದವು, ಅಷ್ಟೇನೂ ಹೆಸರು ಮಾಡಿರದ 35 ವರ್ಷದ ಶಾರ್ಲ್ ಗಾರ್ನಿಯೆ ಗೆದ್ದ. ಪಾಯ ತೋಡಿದರೆ ನೀರು. ತಿಂಗಳುಗಟ್ಟಲೆ ಉಗಿಯಂತ್ರದ ಪಂಪು ಹಾಕಿ ಎತ್ತಿದರೂ ಮುಗಿಯದ ನೀರು. ಕೊನೆಗೆ ಗಾರ್ನಿಯೆ ಅಡಿಯಲ್ಲಿ ಕಲ್ಲು ಗಾರೆಯ ದೊಡ್ಡ ತೊಟ್ಟಿಯನ್ನೇ ಕಟ್ಟಿಸಿ, ಒಳಗೆ ನೀರು ನಿಲ್ಲಿಸಿ, ಆ ಭಾರದಿಂದಲೇ ಹೊರಗಿನ ನೀರನ್ನು ತಡೆದ. ತೊಟ್ಟಿ ಈಗಲೂ ಇದೆ, ಪ್ಯಾರಿಸ್ಸಿನ ಅಗ್ನಿಶಾಮಕದವರು ಅಲ್ಲಿ ಮುಳುಗು ಅಭ್ಯಾಸ ಮಾಡುತ್ತಾರೆ. ಕತೆಯ ಕತ್ತಲೆ ಸರೋವರ ಅಂದರೆ ಇದೇ. ನಡುವೆ 1870ರಲ್ಲಿ ಪ್ರಶ್ಯದ ಜೊತೆ ಯುದ್ಧ ಬಂತು, ಪ್ಯಾರಿಸ್ಸಿಗೆ ಮುತ್ತಿಗೆ ಬಂತು, 1871ರಲ್ಲಿ ಪ್ಯಾರಿಸ್ಸಿನವರೇ ಸರ್ಕಾರದ ವಿರುದ್ಧ ಎದ್ದ ಕಮ್ಯೂನ್ ದಂಗೆ ಬಂತು, ಅರ್ಧ ಎದ್ದ ಕಟ್ಟಡ ದಿನಸಿ ದಾಸ್ತಾನಿನ ಗೋದಾಮಾಯಿತು.

ತೂಗುದೀಪದ ವಿಚಾರವೂ ಪೂರ್ತಿ ಕಲ್ಪನೆಯಲ್ಲ. ಸುಮಾರು 7 ಟನ್ನಿನ ಆ ದೀಪಕ್ಕೆ ಸಮತೂಕವಾಗಿ ಕಟ್ಟಿದ್ದ ಒಂದು ಕಬ್ಬಿಣದ ಭಾರ 1896ರ ಮೇ 20ರ ರಾತ್ರಿ, ಪ್ರದರ್ಶನ ನಡೆಯುತ್ತಿರುವಾಗಲೇ, ಛಾವಣಿ ಸೀಳಿಕೊಂಡು ಬಿದ್ದು ಪ್ರೇಕ್ಷಕಿಯೊಬ್ಬರು ಸತ್ತರು. ಲೆರೂ ಕತೆಯಲ್ಲಿ ಇಡೀ ದೀಪವೇ ಬೀಳುತ್ತದೆ.

ಇಷ್ಟನ್ನೂ ಹೇಳಿದ್ದು ಯಾಕೆಂದರೆ, ಲೆರೂ ಹೊಸದಾಗಿ ಕೂಡಿಸಿದ್ದು ಒಬ್ಬ ಮನುಷ್ಯನನ್ನು ಮಾತ್ರ. ಅವನ ಹೆಸರು ಎರಿಕ್, ಒಪೆರಾದ ಭೂತ ಅಂದರೆ ಇವನೇ. ಫ್ರಾನ್ಸಿನ ರುಆಂ ಹತ್ತಿರದ ಊರಿನ ಗಾರೆ ಮೇಸ್ತ್ರಿಯ ಮಗ. ಹುಟ್ಟುವಾಗಲೇ ಹೆಣದ ಮುಖ. ಹೆತ್ತ ತಾಯಿಯೇ ಮುಖವಾಡ ಹಾಕಿಸಿದ ಮಗು. ಮನೆ ಬಿಟ್ಟು ಜಾತ್ರೆಗಳಲ್ಲಿ ‘ಬದುಕಿರುವ ಹೆಣ’ ಅಂತ ತನ್ನನ್ನೇ ತೋರಿಸಿ ಹೊಟ್ಟೆ ಹೊರೆದವನು, ಹಾಡು, ಗಾರುಡಿ, ದನಿಯನ್ನು ಎಲ್ಲಿಂದಲೋ ಬಂದಂತೆ ಕೇಳಿಸುವ ವಿದ್ಯೆ ಎಲ್ಲ ಕಲಿತವನು. ಪರ್ಷಿಯಾದ ದೊರೆಗೆ ಕಳ್ಳಬಾಗಿಲಿನ ಅರಮನೆ ಕಟ್ಟಿಕೊಟ್ಟವನು. ಆಮೇಲೆ ಪ್ಯಾರಿಸ್ಸಿಗೆ ಬಂದು ಈ ಒಪೆರಾದ ಪಾಯದ ಗುತ್ತಿಗೆಯಲ್ಲಿ ಕೆಲಸ ಮಾಡುತ್ತಲೇ ನೀರಿನಾಚೆ ತನಗೊಂದು ಮನೆ ಮಾಡಿಕೊಂಡ. (ಹಗ್ಗ ಬೀಸಿ ಕೊಲ್ಲುವ ವಿದ್ಯೆ ಮಾತ್ರ ಭಾರತದಲ್ಲಿ ಕಲಿತನಂತೆ. ಆ ಕಾಲದ ಯುರೋಪಿನ ಬರಹಗಾರರಿಗೆ ಎಲ್ಲ ಕೆಟ್ಟ ವಿದ್ಯೆಗೂ ಒಂದು ಪೂರ್ವದೇಶ ಬೇಕಿತ್ತು, ಇರಲಿ ಬಿಡಿ.)

ಅವನು ಮ್ಯಾನೇಜರರಿಂದ ತಿಂಗಳಿಗೆ 20,000 ಫ್ರಾಂಕ್ ಸಂಬಳ ಕೇಳುತ್ತಾನೆ, ಐದನೇ ನಂಬರಿನ ಬಾಕ್ಸ್ (ಪ್ರೇಕ್ಷಕರು ಪ್ರತ್ಯೇಕವಾಗಿ ಕೂರುವ ಪುಟ್ಟ ಕೋಣೆ) ತನಗೇ ಖಾಲಿ ಬಿಡಬೇಕು ಅನ್ನುತ್ತಾನೆ. ಭೂತಕ್ಕೂ ಕರಾರು ಪತ್ರ! ಈ ಭಾಗ ಓದುವಾಗ ನಗು ಬರುತ್ತದೆ, ಲೆರೂಗೆ ಅದೇ ಬೇಕಿತ್ತು ಅನಿಸುತ್ತದೆ.

ಹುಡುಗಿ, ಅಪ್ಪ, ಒಂದು ಮಾತು

ಕ್ರಿಸ್ಟೀನ್ ಸ್ವೀಡನ್ನಿನವಳು. ಉಪ್ಸಾಲಾ ಹತ್ತಿರದ ಹಳ್ಳಿ. ಅಪ್ಪ ರೈತ, ಪಿಟೀಲು ನುಡಿಸುವುದರಲ್ಲಿ ಆ ಸೀಮೆಗೆಲ್ಲ ಹೆಸರಾದವನು. ಹೆಂಡತಿ ತೀರಿಕೊಂಡ ಮೇಲೆ ಹೊಲ ಮಾರಿ, ಮಗಳ ಕೈ ಹಿಡಿದು ಜಾತ್ರೆಯಿಂದ ಜಾತ್ರೆಗೆ ಹೊರಟ. ಅಪ್ಪ ನುಡಿಸುವುದು, ಮಗಳು ಹಾಡುವುದು. ಒಬ್ಬ ಪ್ರೊಫೆಸರ್ ದಂಪತಿ ಕೇಳಿ ಮೆಚ್ಚಿ ಇಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಕೊನೆಗೆ ಪ್ಯಾರಿಸ್ಸಿಗೆ ತಂದರು. ಅಪ್ಪ ಊರು ಬಿಟ್ಟ ಕೊರಗಿನಲ್ಲೇ ಸವೆದ.

ಮಗಳಿಗೆ ಅವನು ಒಂದು ಕತೆ ಹೇಳುತ್ತಿದ್ದ. ಸಂಗೀತದ ದೇವದೂತನ ಕತೆ. ದೊಡ್ಡ ಕಲಾವಿದರಿಗೆಲ್ಲ ಜೀವನದಲ್ಲಿ ಒಮ್ಮೆಯಾದರೂ ಆ ದೂತ ಬರುತ್ತಾನೆ, ಕೆಲವರಿಗೆ ತೊಟ್ಟಿಲಲ್ಲಿರುವಾಗಲೇ ಬರುತ್ತಾನೆ, ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಕೇಳಿಸುತ್ತಾನೆ. ನಾನು ಸತ್ತ ಮೇಲೆ ಅವನನ್ನು ನಿನ್ನ ಹತ್ತಿರ ಕಳಿಸುತ್ತೇನೆ ಅಂತ ಮಾತು ಕೊಟ್ಟು ಅಪ್ಪ ಸತ್ತ. ಫ್ರಾನ್ಸಿನ ಬ್ರಿಟನಿಯ ಸಮುದ್ರದ ದಡದ ಪೆರೊಸ್ ಗಿರೆಕ್‌ನಲ್ಲಿ ಪಿಟೀಲಿನ ಜೊತೆಗೇ ಮಣ್ಣು ಮಾಡಿದರು.

ಅಲ್ಲಿಂದ ಮುಂದೆ ಕ್ರಿಸ್ಟೀನಳ ಹಾಡಿನಲ್ಲಿ ಜೀವ ಉಳಿಯಲಿಲ್ಲ. ಸಂಗೀತ ಶಾಲೆಗೆ ಸೇರುವಷ್ಟು ಇತ್ತು, ಬಹುಮಾನ ತರುವಷ್ಟೂ ಇತ್ತು. ಆದರೆ ಅವಳೇ ತಾನು ಹಾಡುವುದನ್ನು ದೂರದಿಂದ ನೋಡುತ್ತಿರುವ ಹಾಗೆ. ದುಃಖದಲ್ಲಿರುವವರಿಗೆ ಇದು ಗೊತ್ತಿರುತ್ತದೆ. ಕೆಲಸ ನಡೆಯುತ್ತಿರುತ್ತದೆ, ಮಾಡುವವರು ಅಲ್ಲಿರುವುದಿಲ್ಲ.

ಈ ಸ್ಥಿತಿಯಲ್ಲಿ, ಒಂದು ದಿನ, ಮೇಕಪ್ ಕೋಣೆಯ ಪಕ್ಕದಲ್ಲೆಲ್ಲೋ ಒಂದು ಹಾಡು ಕೇಳಿಸಿತು. ಹೊರಗೆ ಹೋಗಿ ನೋಡಿದರೆ ಯಾರೂ ಇಲ್ಲ. ಒಳಗೆ ಬಂದರೆ ಮತ್ತೆ ಕೇಳಿಸುತ್ತದೆ. ಮಾತಾಡಿಸಿದರೆ ಉತ್ತರವನ್ನೂ ಕೊಡುತ್ತದೆ. ಅವಳು ಮನೆಗೆ ಹೋಗಿ, ತನ್ನನ್ನು ಸಾಕಿದ, ಈಗ ಹಾಸಿಗೆ ಹಿಡಿದಿರುವ ಪ್ರೊಫೆಸರರ ಹೆಂಡತಿಗೆ ಹೇಳಿದಳು. ಆಕೆ ಹಿಗ್ಗಿ ಹೋದರು. ಇವನೇ ಆ ದೂತ ಇರಬೇಕು, ಕೇಳೇಬಿಡು ಅಂದರು.

ಅವಳು ಕೇಳಿದಳು. ದನಿ ಹೌದು ಅಂದಿತು.

ಎರಿಕ್ ಆ ಸುಳ್ಳನ್ನು ತಾನಾಗಿ ಕಟ್ಟಲಿಲ್ಲ. ಅದು ಮೊದಲೇ ಕಟ್ಟಿ ಮುಗಿದಿತ್ತು. ಸತ್ತ ಅಪ್ಪ ಕಟ್ಟಿಟ್ಟು ಹೋದ ಖಾಲಿ ಮನೆ, ಇವನು ಹೋಗಿ ಕೂತ, ಅಷ್ಟೇ. ಮಗಳು ಬಾಗಿಲು ತೆರೆದು ಬನ್ನಿ ಅಂದಳು.

ಪಾಠ

ಇಲ್ಲಿ ಸ್ವಲ್ಪ ನಿಲ್ಲಬೇಕು, ಸಿನಿಮಾಗಳು ಈ ಮೂರು ತಿಂಗಳನ್ನು ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತವೆ.

ಮೊದಲನೆಯದಾಗಿ, ಎರಿಕ್ ಒಳ್ಳೆಯ ಮೇಷ್ಟ್ರು. ಪುಸ್ತಕ ಇದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳುತ್ತದೆ. ಅಪ್ಪ ಎಲ್ಲಿಗೆ ಪಾಠ ನಿಲ್ಲಿಸಿದ್ದನೋ ಅಲ್ಲಿಂದಲೇ ಈ ದನಿ ಮುಂದುವರಿಸಿತು. ಅವಳ ಕಂಠದ ಬಲ ಯಾವುದು, ಕೊರತೆ ಯಾವುದು, ಯಾವ ಸ್ವರದಲ್ಲಿ ಅವಳು ಹೆದರುತ್ತಾಳೆ ಅನ್ನುವುದು ಅದಕ್ಕೆ ಗೊತ್ತಿತ್ತು. ಕೆಲವೇ ವಾರದಲ್ಲಿ ಅವಳು ಹಾಡಿದ್ದು ಅವಳಿಗೇ ಗುರುತು ಸಿಗದಂತಾಯಿತು. ತನ್ನ ದನಿಗೆ ತಾನೇ ಹೆದರಿದಳು ಅಂತ ಲೆರೂ ಬರೆಯುತ್ತಾರೆ.

ಮೋಸಗಾರ ಮೇಷ್ಟ್ರಿಂದ ತಪ್ಪಿಸಿಕೊಳ್ಳುವುದು ಸುಲಭ. ಏನೂ ಕಲಿಯಲಿಲ್ಲ, ದುಡ್ಡು ದಂಡ ಅಂತ ಎದ್ದು ಬರಬಹುದು. ಕಲಿಸಿದವನಿಂದ ಎದ್ದು ಬರುವುದು ಹೇಗೆ? ಅವನು ಕೊಟ್ಟದ್ದು ಗಂಟಲಿನಲ್ಲೇ ಕೂತಿದೆ. ಪ್ರತಿ ಸಲ ಬಾಯಿ ತೆರೆದಾಗಲೂ ಅದೇ ಹೊರಗೆ ಬರುತ್ತದೆ. ನಮ್ಮಲ್ಲಿ ಇದಕ್ಕೊಂದು ಮಾತಿದೆ, ಹಂಗು ಅಂತ. ಸಾಲ ಆದರೆ ಲೆಕ್ಕ ಇರುತ್ತದೆ, ತೀರಿಸಬಹುದು. ಹಂಗಿಗೆ ಲೆಕ್ಕ ಇಲ್ಲ. ಕೊಟ್ಟವನು ಕೇಳದೇ ಇದ್ದರೂ ಪಡೆದವರ ತಲೆ ಬಗ್ಗಿರುತ್ತದೆ, ಕೇಳಲು ಶುರು ಮಾಡಿದರಂತೂ ಮುಗಿಯಿತು. ಈ ಪ್ರಕರಣದ ಭೂತ ನನ್ನ ಪ್ರಕಾರ ಹಂಗೇ. ಹಂಗಿನ ಅರಮನೆ ಅನ್ನುತ್ತೇವಲ್ಲ, ಇಲ್ಲಿ ಕಟ್ಟಡದ ಹೆಸರಿನಲ್ಲೇ ಅರಮನೆ ಇದೆ, ಫ್ರೆಂಚಿನಲ್ಲಿ ಪಾಲೆ ಅಂದರೆ ಅದೇ ಅರ್ಥ.

ಎರಡನೆಯದು ಗುಟ್ಟು. ಯಾರಿಗೂ ಹೇಳಬೇಡ, ಪಾಠದ ಹೊರಗೆ ಹಳೇ ದನಿಯಲ್ಲೇ ಹಾಡು, ಕಾಯಿ, ಒಂದು ದಿನ ಪ್ಯಾರಿಸ್ಸೇ ಬೆರಗಾಗುವ ಹಾಗೆ ಮಾಡೋಣ ಅನ್ನುತ್ತದೆ ದನಿ. ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ಆದರೆ ಇದರ ಅರ್ಥ ಏನು? ಅವಳ ನಿಜವಾದ ದನಿಯನ್ನು ಕೇಳಿರುವವನು ಜಗತ್ತಿನಲ್ಲಿ ಒಬ್ಬನೇ. ಜೊತೆಯವರು ಹೊಗಳಲಿಲ್ಲ, ಬೈಯಲಿಲ್ಲ, ಹೋಲಿಸಲಿಲ್ಲ. ಚೆನ್ನಾಗಿದೆಯಾ ಇಲ್ಲವಾ ಅಂತ ಕೇಳಲು ಇರುವುದು ಆ ಗೋಡೆ ಮಾತ್ರ. ಮೂರು ತಿಂಗಳು ಬರೀ ಒಂದು ಗೋಡೆಯ ಮಾತಿನ ಮೇಲೆ ತನ್ನ ಬೆಲೆ ನಿಂತಿದ್ದರೆ ಯಾರೇ ಆಗಲಿ ಆ ಗೋಡೆಗೆ ಒರಗಿಕೊಳ್ಳುತ್ತಾರೆ, ಅಲ್ವಾ?

ಮೂರನೆಯದು ಬಂದಾಗ ಅವಳಿಗೆ ಗೊತ್ತೇ ಆಗಲಿಲ್ಲ. ಒಂದು ಸಂಜೆ ಪ್ರೇಕ್ಷಕರ ನಡುವೆ ಬಾಲ್ಯದ ಗೆಳೆಯ ರಾವುಲ್ ಕಂಡ. ಹಿಂದೆ ಪೆರೊಸ್‌ನಲ್ಲಿ ಅವಳ ಸ್ಕಾರ್ಫು ಗಾಳಿಗೆ ಹಾರಿ ಸಮುದ್ರಕ್ಕೆ ಬಿದ್ದಾಗ ನೀರಿಗಿಳಿದು ತಂದುಕೊಟ್ಟ ಹುಡುಗ, ಈಗ ನೌಕಾಪಡೆಯ ಯುವಕ, ಶ್ರೀಮಂತ ಮನೆತನ. ಅವಳು ಖುಷಿಯಿಂದ ದನಿಗೆ ಹೇಳಿದಳು. ದನಿ ಸುಮ್ಮನಾಯಿತು. ಕರೆದರೂ ಇಲ್ಲ. ಬೇಡಿಕೊಂಡರೂ ಇಲ್ಲ. ಆಮೇಲೆ ಬಂದು, ನೀನು ಭೂಮಿಯ ಮೇಲಿನವರಿಗೆ ಮನಸ್ಸು ಕೊಡುವುದಾದರೆ ನನಗಿಲ್ಲಿ ಕೆಲಸವಿಲ್ಲ, ಸ್ವರ್ಗಕ್ಕೇ ಹೋಗುತ್ತೇನೆ ಅಂದಿತು. ಇದು ಯಾವ ದೇವದೂತನ ಮಾತೂ ಅಲ್ಲ, ಹೊಟ್ಟೆಕಿಚ್ಚಿನ ಗಂಡಸಿನ ಮಾತು. ಹೊರಗೆ ನಿಂತು ಓದುವ ನಮಗೆ ತಕ್ಷಣ ಗೊತ್ತಾಗುತ್ತದೆ. ಅವಳಿಗೆ ಕೇಳಿಸಿದ್ದು ಅಪ್ಪ ಎರಡನೇ ಸಲ ಸಾಯುತ್ತಾನೆ ಅಂತ. ರಾವುಲ್ ನನಗೆ ಅಣ್ಣನಿದ್ದ ಹಾಗೆ ಅಂತ ಆಣೆ ಇಟ್ಟಳು. ರಾವುಲ್ ಎದುರು ಬಂದರೆ ಗುರುತೇ ಇಲ್ಲದವಳಂತೆ ನಡೆದುಕೊಂಡಳು.

ಇದಕ್ಕೂ ಹಿಂದೆ, 1894ರಲ್ಲಿ, ಜಾರ್ಜ್ ದು ಮೊರಿಯೇ ಅವರ ‘ಟ್ರಿಲ್ಬಿ’ ಅಂತ ಇಂಗ್ಲಿಷ್ ಕಾದಂಬರಿ ಬಂದಿತ್ತು. ಸ್ವೆಂಗಾಲಿ ಅನ್ನುವವನು ಸ್ವರಜ್ಞಾನವೇ ಇಲ್ಲದ ಹುಡುಗಿಯನ್ನು ವಶೀಕರಣದಿಂದ ದೊಡ್ಡ ಗಾಯಕಿ ಮಾಡುತ್ತಾನೆ. ಅವನ ಎದೆ ನಿಂತ ದಿನ ಅವಳ ಹಾಡೂ ನಿಂತು, ಸಭೆ ಗೇಲಿ ಮಾಡುತ್ತದೆ. ಎರಡನ್ನೂ ಒಂದೇ ಜಾತಿಯ ಕತೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಟ್ರಿಲ್ಬಿಯ ದನಿ ಅವಳದ್ದಲ್ಲ, ಅವಳು ಬರೀ ವಾದ್ಯ. ಕ್ರಿಸ್ಟೀನಳ ದನಿ ಅವಳದ್ದೇ, ಅಪ್ಪನ ಕಾಲದಿಂದ ಇದ್ದದ್ದು. ಎರಿಕ್ ಬೀಗ ತೆಗೆದ, ಅಷ್ಟೇ. ಬೀಗ ತೆಗೆದವನು ಮನೆ ತನ್ನದು ಅಂದದ್ದು ಈ ಪ್ರಕರಣ. ಟ್ರಿಲ್ಬಿಯದು ಮಾಟದ ಕತೆ, ಮಾಟ ತೆಗೆದರೆ ಮುಗಿಯುತ್ತದೆ. ಇದಕ್ಕೆ ಹಾಗೆ ಮುಗಿಯುವ ದಾರಿಯಿಲ್ಲ.

ಬಾಗಿಲ ಹೊರಗೆ ಕೇಳಿಸಿದ್ದು

ಹಳೇ ಮ್ಯಾನೇಜರರ ಬೀಳ್ಕೊಡುಗೆಯ ರಾತ್ರಿ ಮುಖ್ಯ ಗಾಯಕಿ ಕಾರ್ಲೋತ್ತಾಗೆ ಹುಷಾರಿಲ್ಲ. ಬದಲಿಗೆ ಕ್ರಿಸ್ಟೀನ್. ಗುನೋ ಅವರ ‘ಫೌಸ್ಟ್’ ಒಪೆರಾದ ಜೈಲಿನ ದೃಶ್ಯವನ್ನು, ಮೂವರು ಸೇರಿ ಹಾಡುವ ಕೊನೆಯ ಹಾಡನ್ನು ಅವಳು ಹಾಡಿದಾಗ ಬೆಳಗಿನ ದನಿ ಮೊದಲ ಸಲ ಸಂಜೆ ಹೊರಗೆ ಬಂತು. ಸಭೆಗೆ ಹುಚ್ಚು ಹಿಡಿಯಿತು. ಅವಳು ಮೂರ್ಛೆ ಹೋದಳು. ಅದೇ ರಾತ್ರಿ ಮೂರನೇ ನೆಲಮಾಳಿಗೆಯಲ್ಲಿ ಸೆಟ್ಟು ಬದಲಿಸುವವರ ಮುಖ್ಯಸ್ಥ ನೇಣಿನಲ್ಲಿ ಸಿಕ್ಕ, ಇಳಿಸಲು ಹೋದಾಗ ಹಗ್ಗವೇ ಮಾಯವಾಗಿತ್ತು.

ಎಲ್ಲರೂ ಹೋದ ಮೇಲೆ ರಾವುಲ್ ಅವಳ ಕೋಣೆಯ ಬಾಗಿಲ ಬಳಿ ನಿಂತ. ಒಳಗೆ ಗಂಡಸಿನ ದನಿ. ನೀನು ನನ್ನನ್ನು ಪ್ರೀತಿಸಲೇಬೇಕು ಅನ್ನುತ್ತಿದೆ. ನಾನು ಹಾಡುವುದೇ ನಿಮಗಾಗಿ, ಈ ರಾತ್ರಿ ನನ್ನ ಜೀವವನ್ನೇ ಕೊಟ್ಟುಬಿಟ್ಟೆ, ಸತ್ತ ಹಾಗಾಗಿದೆ ಅಂತ ಅವಳ ಉತ್ತರ. ಅವಳು ಹೊರಟು ಹೋದ ಮೇಲೆ ಅವನು ಒಳಗೆ ನುಗ್ಗಿ ಕತ್ತಲಲ್ಲಿ ಹುಡುಕುತ್ತಾನೆ. ಕೋಣೆ ಖಾಲಿ.

ಈ ದೃಶ್ಯ ಓದಿ ಮುಗಿಸಿದ ಮೇಲೆ ಇಡೀ ಒಪೆರಾ ಮನೆಯನ್ನು ಒಮ್ಮೆ ನೋಡಿ. ಒಂದು ಹುಡುಗಿ ರಾತ್ರೋರಾತ್ರಿ ಹೀಗೆ ಹಾಡಿದಳು. ಯಾರು ಕಲಿಸಿದರು ಅಂತ ಎಲ್ಲರೂ ಮಾತಾಡಿಕೊಂಡರು, ಒಬ್ಬರೂ ಗಟ್ಟಿಯಾಗಿ ಹಿಡಿದು ಕೇಳಲಿಲ್ಲ. ಹೊಸ ಮ್ಯಾನೇಜರುಗಳಿಗೆ 20,000 ಫ್ರಾಂಕಿನ ಲಕೋಟೆ ಜೇಬಿನಿಂದ ಹೇಗೆ ಹೋಯಿತು ಅನ್ನುವುದೇ ಚಿಂತೆ. ಬಾಕ್ಸ್ ನೋಡಿಕೊಳ್ಳುವ ಬಡ ಮುದುಕಿಯನ್ನು ಕೆಲಸದಿಂದ ತೆಗೆಯುತ್ತಾರೆ, ಭೂತವನ್ನು ಹುಡುಕುತ್ತಾರೆ, ಹುಡುಗಿಯ ತಂಟೆಗೇ ಹೋಗುವುದಿಲ್ಲ. ಸಾಕಿದ ತಾಯಿಗೆ ದೇವದೂತ ಬಂದ ಸಂಭ್ರಮ. ರಾವುಲ್ ಅಂತೂ ಬಾಗಿಲಿಗೆ ಕಿವಿ ಕೊಡುತ್ತಾನೆ, ಅನುಮಾನಿಸುತ್ತಾನೆ, ಅಳುತ್ತಾನೆ, ನನ್ನನ್ನು ಮೋಸ ಮಾಡುತ್ತಿದ್ದೀಯ ಅಂತ ರೇಗುತ್ತಾನೆ. ಅವನನ್ನು ಒಳ್ಳೆಯ ನಾಯಕ ಅಂತ ಲೆರೂ ಇಟ್ಟಿದ್ದರೂ ನನಗೆ ಅಷ್ಟೇನೂ ಇಷ್ಟವಿಲ್ಲ. ಕೆಳಗಿನವನು ನೀನು ನನಗಾಗಿಯೇ ಹಾಡು ಅಂದರೆ, ಮೇಲಿನವನು ನೀನು ನನ್ನವಳಾ ಹೇಳು ಅನ್ನುತ್ತಾನೆ. ನಿನಗೆ ಏನಾಗಿದೆ ಅಂತ ಕೇಳುವುದು ಬಹಳ ತಡವಾಗಿ.

ಕನ್ನಡಿಯಾಚೆ

ಮುಂದಿನದು ಎಲ್ಲರಿಗೂ ಗೊತ್ತಿರುವುದು, ಬೇಗ ಹೇಳುತ್ತೇನೆ. ಭೂತದ ಎಚ್ಚರಿಕೆ ಮೀರಿ ಹಾಡಿದ ಕಾರ್ಲೋತ್ತಾಳ ಬಾಯಿಂದ ತುಂಬಿದ ಸಭೆಯಲ್ಲಿ ಕಪ್ಪೆ ವಟಗುಟ್ಟಿದ ಸದ್ದು ಬಂತು, ತೂಗುದೀಪ ಬಿತ್ತು, ಒಬ್ಬಾಕೆ ಸತ್ತರು. ಆ ಗಲಾಟೆಯಲ್ಲಿ ಕ್ರಿಸ್ಟೀನ್ ದೂತನಿಗೆ ಏನಾಯಿತೋ ಅಂತ ತನ್ನ ಕೋಣೆಗೆ ಓಡಿದಳು, ನೋಡಿ, ಅವಳಿಗೆ ಅವನದೇ ಚಿಂತೆ. ದನಿ ಕರೆಯಿತು. ಕೋಣೆಯ ದೊಡ್ಡ ಕನ್ನಡಿ ತಿರುಗಿತು, ಅದೊಂದು ಕಳ್ಳಬಾಗಿಲು. ಕತ್ತಲೆ, ತಣ್ಣನೆಯ ಕೈ, ಬಿಳಿ ಕುದುರೆ, ನೀರು, ದೋಣಿ.

ದೀಪದ ಬೆಳಕಿನಲ್ಲಿ ಮುಖವಾಡದ ಮನುಷ್ಯ ಕಾಲಿಗೆ ಬಿದ್ದು, ನಾನು ದೂತನಲ್ಲ, ಭೂತನೂ ಅಲ್ಲ, ಎರಿಕ್ ಅಂದ. ಅವಳಿಗೆ ಆಗ ಬಂದದ್ದು ಹೆದರಿಕೆಗಿಂತ ಜಾಸ್ತಿ ಸಿಟ್ಟು, ನಾಚಿಕೆ. ಇಷ್ಟು ದಿನ ಅಪ್ಪನ ಹೆಸರಿನಲ್ಲಿ ಬಂದವನು ಇವನಾ? ಬಿಟ್ಟುಬಿಡು ಅಂದಳು. ಅವನು ಹೋಗು ಅಂದ, ಬಾಗಿಲನ್ನೂ ತೋರಿಸಿದ. ಆಮೇಲೆ ಹಾಡಿದ.

ಅವಳು ಉಳಿದಳು.

ಈ ಒಂದು ಗಳಿಗೆ ನನ್ನನ್ನು ಬಹಳ ದಿನ ಕಾಡಿದೆ. ಸುಳ್ಳು ಬಯಲಾಗಿದೆ, ಬಾಗಿಲು ತೆರೆದಿದೆ, ಅವನು ತಡೆಯುತ್ತಲೂ ಇಲ್ಲ. ಆದರೆ ದನಿ ಅದೇ ದನಿ. ದೂತ ಸುಳ್ಳಾದರೂ ಪಾಠ ಸುಳ್ಳಾಗಲಿಲ್ಲವಲ್ಲ. ಬಲವಂತಕ್ಕೆ ಸಿಕ್ಕಿದವರನ್ನು ಯಾಕೆ ಎದ್ದು ಬರಲಿಲ್ಲ ಅಂತ ಕೇಳುವವರು ಈ ಪುಟವನ್ನು ಓದಬೇಕು. ಬರೀ ಹೆದರಿಕೆಯಿಂದ ಉಳಿದವರಿಗಿಂತ ಕೊಂಚ ಕೃತಜ್ಞತೆ, ಕೊಂಚ ಕನಿಕರ, ಕೊಂಚ ಆಸೆ ಎಲ್ಲ ಕಲಸಿಹೋಗಿ ಉಳಿದವರು ಜಾಸ್ತಿ ಇರುತ್ತಾರೆ.

ಐದು ದಿನ ಇರು, ಮುಖವಾಡ ಮುಟ್ಟಬೇಡ, ಆಮೇಲೆ ಹೋಗು ಅಂತ ಅವನ ಷರತ್ತು. ಒಥೆಲೋ ಒಪೆರಾದ ಜೋಡಿಹಾಡು ಹಾಡುತ್ತಿದ್ದಾಗ (ಹೆಂಡತಿಯ ಕತ್ತು ಹಿಸುಕುವ ಗಂಡನ ಕತೆ, ಆಯ್ಕೆ ನೋಡಿ!) ಅವಳು ಸರಕ್ಕನೆ ಮುಖವಾಡ ಎಳೆದಳು. ಆಮೇಲೆ ಬಿಡುವ ಮಾತೇ ಇಲ್ಲ, ನೋಡಿದವಳು ವಾಪಸ್ಸು ಬರುವುದಿಲ್ಲ ಅಂತ ಅವನಿಗೆ ಗೊತ್ತು.

ಅಲ್ಲಿಂದ ಮುಂದೆ ಹದಿನೈದು ದಿನ ಅವಳು ಮಾಡಿದ್ದನ್ನು ಯಾರೂ ಹೊಗಳುವುದಿಲ್ಲ, ನಾನು ಹೊಗಳುತ್ತೇನೆ. ಅವನ ಮುಖ ನೋಡುತ್ತಲೇ ಮಾತಾಡಿದಳು. ಮುಖವಾಡವನ್ನು ಬೆಂಕಿಗೆ ಹಾಕಿದಳು. ನಿಮ್ಮ ಸಂಗೀತದ ಮುಂದೆ ಮುಖ ಯಾವ ಲೆಕ್ಕ ಅನ್ನುವ ಹಾಗೆ ನಡೆದುಕೊಂಡಳು. ಮನಸ್ಸಿನಲ್ಲಿ ಹೇಸಿಗೆ ಇಟ್ಟುಕೊಂಡು ಹೊರಗೆ ಮೆಚ್ಚುಗೆ ತೋರಿಸುವ ಈ ನಟನೆ ಅವಳು ವೇದಿಕೆಯಲ್ಲಿ ಮಾಡಿದ ಯಾವ ಪಾತ್ರಕ್ಕಿಂತಲೂ ಕಷ್ಟದ್ದು. ಅವನು ನಂಬಿದ. ಒಂದು ಚಿನ್ನದ ಉಂಗುರ ತೊಡಿಸಿ, ಇದು ಬೆರಳಲ್ಲಿರುವ ತನಕ ನೀನು ಸುರಕ್ಷಿತ ಅಂತ ಮೇಲಕ್ಕೆ ಬಿಟ್ಟ. ಸಂಜೆಯ ಬಿಡುಗಡೆ, ಮತ್ತೆ ಬರಬೇಕು. ಅವಳು ಬಂದಳು ಕೂಡ.

ಛಾವಣಿಯ ಮೇಲೆ, ಅಪೊಲೊ ವಿಗ್ರಹದ ಕೆಳಗೆ, ಅವಳು ರಾವುಲ್‌ಗೆ ಇದನ್ನೆಲ್ಲ ಬಿಡಿಸಿ ಹೇಳುತ್ತಾಳೆ. ಕೆಳಗಿನ ನೀರಿನಿಂದ ಎಷ್ಟು ಎತ್ತರ ಸಾಧ್ಯವೋ ಅಷ್ಟು ಎತ್ತರದ ಜಾಗ ಆರಿಸಿಕೊಂಡು. ಎರಿಕ್ ಅಲ್ಲಿಯೂ ಇದ್ದ.

ಚೇಳು, ಮಿಡತೆ

ಉಂಗುರ ಕಳೆದುಹೋಯಿತು. ಮರುದಿನ ಫೌಸ್ಟ್ ನಡೆಯುತ್ತಿರುವಾಗಲೇ, ದೇವದೂತರನ್ನು ಕರೆಯುವ ಸಾಲನ್ನು ಹಾಡುತ್ತಿರುವಾಗಲೇ, ದೀಪ ಆರಿ ಹತ್ತುವಷ್ಟರಲ್ಲಿ ವೇದಿಕೆಯಿಂದ ಅವಳು ಇಲ್ಲ. ರಾವುಲ್, ಎರಿಕ್‌ನನ್ನು ಹಿಂದಿನಿಂದ ಬಲ್ಲ ಒಬ್ಬ ಪರ್ಷಿಯನ್, ಇಬ್ಬರೂ ಇಳಿದು ಹೋಗಿ ಕನ್ನಡಿಗಳ ಚಿತ್ರಹಿಂಸೆಯ ಕೋಣೆಯಲ್ಲಿ ಸಿಕ್ಕಿಬಿದ್ದರು. ಬಿಡಿಸಲು ಬಂದವರನ್ನೇ ಬಿಡಿಸಬೇಕಾಯಿತು.

ಎರಿಕ್‌ನ ಕೊನೆಯ ಷರತ್ತು ಇದು. ಎರಡು ಪೆಟ್ಟಿಗೆ, ಒಂದರಲ್ಲಿ ಕಂಚಿನ ಚೇಳು, ಇನ್ನೊಂದರಲ್ಲಿ ಕಂಚಿನ ಮಿಡತೆ. ಚೇಳು ತಿರುಗಿಸಿದರೆ ಮದುವೆಗೆ ಒಪ್ಪಿಗೆ. ಮಿಡತೆ ತಿರುಗಿಸಿದರೆ ಕೆಳಗಿನ ಮದ್ದಿನ ಪೀಪಾಯಿಗಳು ಸಿಡಿದು ಮೇಲೆ ಹಾಡು ಕೇಳುತ್ತಿರುವ ಜನರ ಸಮೇತ ಎಲ್ಲ ಭಸ್ಮ. ಇದನ್ನು ಅವನು ಆಯ್ಕೆ ಅನ್ನುತ್ತಾನೆ. ಅವಳು ಚೇಳು ತಿರುಗಿಸಿದಳು. ನೀರು ನುಗ್ಗಿ ಮದ್ದು ತೋಯ್ದಿತು, ಪಕ್ಕದ ಕೋಣೆಯ ಇಬ್ಬರೂ ಮುಳುಗತೊಡಗಿದರು, ಸಾಯುವುದಿಲ್ಲ, ನಿನ್ನ ಜೀವಂತ ಹೆಂಡತಿಯಾಗಿರುತ್ತೇನೆ ಅಂತ ಮಾತು ಕೊಟ್ಟು ಅವರನ್ನು ಉಳಿಸಿದಳು.

ಆಮೇಲೆ ಅವನು ಅವಳ ಹಣೆಗೆ ಮುತ್ತಿಟ್ಟ. ಅವಳು ಸರಿಯಲಿಲ್ಲ. ಹೆತ್ತವಳೂ ಮುತ್ತಿಡಲು ಬಿಟ್ಟಿರಲಿಲ್ಲ ಅಂತ ಅವನು ಅತ್ತ, ಅವಳೂ ಅತ್ತಳು. ಅವನು, ಕಳೆದುಹೋಗಿ ತನಗೇ ಸಿಕ್ಕಿದ್ದ ಉಂಗುರ ವಾಪಸ್ಸು ಕೊಟ್ಟು, ಹುಡುಗನ ಜೊತೆ ಹೋಗು, ನಾನು ಸತ್ತ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಬಂದು ಈ ಉಂಗುರದ ಜೊತೆ ಮಣ್ಣು ಮಾಡು ಅಂದ.

ಇಲ್ಲಿಗೆ ಬಂದಾಗ ಓದುವವರ ಕಣ್ಣೂ ತೇವವಾಗುತ್ತದೆ, ನನ್ನದೂ ಆಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಕಡತ ನೋಡುವವರು ಕಣ್ಣೊರೆಸಿಕೊಂಡು ಲೆಕ್ಕವನ್ನೂ ನೋಡಬೇಕು. ಸೆಟ್ಟಿನ ಮುಖ್ಯಸ್ಥ ಸತ್ತ, ದೀಪದಡಿ ಒಬ್ಬಾಕೆ ಸತ್ತರು, ರಾವುಲ್‌ನ ಅಣ್ಣ ತಮ್ಮನನ್ನು ಹುಡುಕಿ ಬಂದು ಆ ನೀರಿನಲ್ಲಿ ಹೆಣವಾದ. ಬಿಟ್ಟು ಕಳಿಸಿದ್ದು ದೊಡ್ಡತನ ಅನ್ನುವವರು ಹಿಡಿದುಕೊಂಡದ್ದು ಯಾರು ಅನ್ನುವುದನ್ನು ಮರೆಯುತ್ತಾರೆ. ಬಿಡುವಾಗಲೂ ಅವನು ಒಂದು ಕೆಲಸ ಹಚ್ಚಿಯೇ ಬಿಟ್ಟ, ವಾಪಸ್ಸು ಬಾ, ಮಣ್ಣು ಮಾಡು. ಪಾಠ ಮುಗಿದರೂ ಮೇಷ್ಟ್ರು ಮನೆಕೆಲಸ ಕೊಟ್ಟೇ ಕಳಿಸಿದರು ಅನ್ನೋಣವಾ?

ಮೂರು ವಾರದ ಮೇಲೆ ಪತ್ರಿಕೆಯಲ್ಲಿ ಎರಿಕ್ ಸತ್ತ ಅಂತ ಒಂದು ಸಾಲು ಬಂತು. ಅವಳು ಮಾತು ಉಳಿಸಿಕೊಂಡಳು ಅನ್ನುವುದಕ್ಕೆ ಲೆರೂ ಒಂದು ಸಾಕ್ಷಿ ಕೊಡುತ್ತಾರೆ, ಅದಕ್ಕೆ ಅವರು ಬಳಸಿಕೊಂಡದ್ದು ನಿಜವಾದ ಘಟನೆಯನ್ನು. 1907ರ ಡಿಸೆಂಬರ್ 24ರಂದು ಇದೇ ಒಪೆರಾದ ನೆಲಮಾಳಿಗೆಯಲ್ಲಿ ಆ ಕಾಲದ ದೊಡ್ಡ ಗಾಯಕ ಗಾಯಕಿಯರ ಗ್ರಾಮಫೋನ್ ಪ್ಲೇಟುಗಳನ್ನು ಲೋಹದ ಡಬ್ಬಿಗಳಲ್ಲಿ ಗಾಳಿ ಹೋಗದಂತೆ ಮುಚ್ಚಿ ಇಟ್ಟರು, 100 ವರ್ಷ ತೆರೆಯಬಾರದು ಅಂತ. ಆ ಜಾಗಕ್ಕಾಗಿ ಅಗೆಯುವಾಗ ಒಂದು ಅಸ್ಥಿಪಂಜರ ಸಿಕ್ಕಿತು, ಬೆರಳಲ್ಲಿ ಚಿನ್ನದ ಉಂಗುರವಿತ್ತು ಅನ್ನುವುದು ಕಾದಂಬರಿಯ ಮಾತು. ಡಬ್ಬಿಗಳು ಮಾತ್ರ ನಿಜ. ನೆಲದಡಿ ಬೀಗ ಹಾಕಿಟ್ಟ ದನಿಗಳು.

ಕ್ರಿಸ್ಟೀನಳ ದನಿ ಅದರಲ್ಲಿ ಇರುವ ಹಾಗಿಲ್ಲ. ಅವಳು ಅಷ್ಟರಲ್ಲಿ ಉತ್ತರದ ಕಡೆಗೆ ರೈಲು ಹತ್ತಿ ಹೋಗಿ ಎಷ್ಟೋ ವರ್ಷವಾಗಿತ್ತು, ಪ್ಯಾರಿಸ್ಸು ಅವಳನ್ನು ಮತ್ತೆ ಕೇಳಲಿಲ್ಲ. ಅಲ್ಲಿ, ಅಪ್ಪನ ಸೀಮೆಯಲ್ಲಿ, ಯಾವುದೋ ಬೆಳಿಗ್ಗೆ 8 ಗಂಟೆಗೆ, ಯಾರೂ ಇಲ್ಲದ ಕೋಣೆಯಲ್ಲಿ ಅವಳು ಬಾಯಿ ತೆರೆದಿರಬಹುದು. ಆಗ ಬಂದದ್ದು ಯಾವ ದನಿ, ಬೆಳಗಿನದಾ ಸಂಜೆಯದಾ, ಲೆರೂ ಬರೆದಿಲ್ಲ.